ಅಮ್ಮನನ್ನು ಕರೆಸಿಕೊಳ್ಳುವ ಮುಂಚೆ ನಮ್ಮಜ್ಜಿ ವಿಷಯ ಕೇಳಿ

ನಿಮ್ಮ ಪ್ರಶ್ನೆ ಓದಿದೆ. ಊರು ತೀರ್ಥಹಳ್ಳಿ ಕಡೆ, ಟೊರೊಂಟೊಗೆ ಬಂದು ಇನ್ನೂ ಒಂದು ಚಳಿಗಾಲವನ್ನೂ ಕಳೆದಿಲ್ಲ, ಊರಲ್ಲಿ ಅಮ್ಮ ಒಬ್ಬರೇ ಇದ್ದಾರೆ ಅಂತ ಬರೆದಿದ್ದೀರಿ. ಇಲ್ಲಿನ ಜೀವನ ಹೇಗೆ, ಅಮ್ಮನನ್ನು ಕರೆಸಿಕೊಂಡರೆ ಹೊಂದಿಕೊಳ್ಳುತ್ತಾರಾ, ಇಲ್ಲಾ ಸುಮ್ನೆ ಅವರಿಗೆ ಹಿಂಸೆ ಕೊಟ್ಟ ಹಾಗಾಗುತ್ತಾ ಅನ್ನೋದು ನಿಮ್ಮ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಜೀವನ ಚೆನ್ನಾಗಿದೆ, ಕೆಲಸ ಜಾಸ್ತಿ. ಪಾತ್ರೆ ತೊಳೆಯೋದರಿಂದ ಹಿಡಿದು ಹಿಮ ಎತ್ತಿ ಹಾಕೋವರೆಗೂ ಎಲ್ಲಾ ನಾವೇ. ಸಂಬಳದಲ್ಲಿ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದರೊಳಗೆ ಕತ್ತಲೆ. ಚಳಿ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಆಗುಂಬೆ ಕಡೆಯ ಮಳೆಗಾಲ ಕಂಡವರಿಗೆ ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಕೂರೋದು ಹೊಸದೇನಲ್ಲ ಬಿಡಿ. ಒಳ್ಳೆ ಜಾಕೆಟ್ಟು, ಒಳ್ಳೆ ಬೂಟು, ಇವೆರಡಕ್ಕೆ ಮಾತ್ರ ಜಿಪುಣತನ ಬೇಡ.

ಎರಡನೆಯದಕ್ಕೆ ನನ್ನ ಹತ್ತಿರ ಇರೋದು ನಮ್ಮಜ್ಜಿಯನ್ನು ನೋಡಿ ಕಲಿತದ್ದು. ಒಂದೇ ಮಾತಲ್ಲಿ ಹೇಳೋದಾದರೆ, ವಯಸ್ಸಾದವರನ್ನು ಕರೆತಂದು ನೆಂಟರ ಹಾಗೆ ಕೂರಿಸಬೇಡಿ. ಕೂತರೆ ಕುಗ್ಗುತ್ತಾರೆ. ಅವರ ಕೈಗೆ ಕೆಲಸ ಕೊಡಿ. ಒಬ್ಬರೇ ಮನೆಯಿಂದ ಹೊರಗೆ ಹೋಗಿ ಬರೋ ದಾರಿ ತೋರಿಸಿಕೊಡಿ. ಯಾಕೆ ಹೀಗೆ ಹೇಳ್ತೇನೆ ಅನ್ನೋದಕ್ಕೆ ಅಜ್ಜಿಯ ಬದುಕನ್ನೇ ಸ್ವಲ್ಪ ಹೇಳಬೇಕು.

ನಮ್ಮದು ಸಾಗರ ತಾಲೂಕು. ದೀವರು ಅನ್ನೋ ಸಮುದಾಯದ ಮನೆ, ಗೇಣಿ ಗದ್ದೆ. ಅಜ್ಜಿ ಹುಟ್ಟಿದ್ದು, ಮದುವೆಯಾಗಿ ಬಂದದ್ದು ಎರಡೂ ಶರಾವತಿ ಬದಿಯ ಹಳ್ಳಿಗಳು. ಎರಡೂ ಈಗ ನೀರಿನಡಿಯಲ್ಲಿವೆ. ತವರಿನವರ ಒಂದಿಷ್ಟು ಗದ್ದೆ ಮೊದಲೇ ಶರಾವತಿಯ ಹಳೆ ಅಣೆಕಟ್ಟು ಮಡೆನೂರು ಕಟ್ಟೆಗೆ ಹೋಗಿತ್ತು. ಆಮೇಲೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದು 1964ರಲ್ಲಿ ಮುಗಿದಾಗ ಮಡೆನೂರು ಕಟ್ಟೆಯೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಈಗಲೂ ಆ ಹಳೆ ಕಟ್ಟೆ ಮೇಲೆ ಕಾಣುತ್ತದೆ, ಜನ ಹೋಗಿ ಫೋಟೋ ತೆಗೆಸಿಕೊಂಡು ಬರ್ತಾರೆ. ಅಜ್ಜಿ ಒಂದು ಸಲವೂ ಹೋಗಲಿಲ್ಲ. ‘ಕಟ್ಟೆ ನೋಡೋಕೆ ಎಂತಕ್ಕೆ ಹೋಗೋದು’ ಅಂತಿದ್ದಳು.

ಲಾರಿ ಇವರನ್ನು ತಂದು ಇಳಿಸಿದ್ದು ಒಂದು ಕಾಡಿನ ಅಂಚಿನಲ್ಲಿ. ಹಳೆ ಮನೆಯ ಹಂಚು, ಒಂದು ಬಾಗಿಲು, ಒನಕೆ, ಎರಡು ದನ, ಮೂರು ಮಕ್ಕಳು. ಗೇಣಿಗೆ ಮಾಡುತ್ತಿದ್ದ ಗದ್ದೆಗೆ ನಮಗೆ ಪರಿಹಾರ ಸಿಗಲಿಲ್ಲ. ಮುಳುಗಡೆಯವರ ಹಕ್ಕುಪತ್ರದ ಗಲಾಟೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ, ನೀವೂ ಪೇಪರಿನಲ್ಲಿ ಓದಿರ್ತೀರಿ. ನಾಡಿಗೆಲ್ಲ ಕರೆಂಟು ಕೊಡೋಕೆ ಅಂತ ಊರು ಬಿಟ್ಟ ಆ ಮನೆಗೆ ಬಲ್ಬು ಬಂದದ್ದು ನಮ್ಮಪ್ಪನಿಗೆ ಮದುವೆಯಾದ ಮೇಲೆ.

ಇಳಿದ ದಿನ ಎಂತ ಮಾಡಿದೆ ಅಂತ ಒಂದು ಸಲ ಕೇಳಿದ್ದೆ. ‘ನೀರು ಎಲ್ಲುಂಟು ನೋಡಿದೆ. ಸಂಜೆ ಯಾರ ಮನೇಲಿ ಹೊಗೆ ಏಳ್ತದೆ ನೋಡಿದೆ. ಮಾರನೇ ದಿನ ಅಲ್ಲಿಗೆ ಹೋಗಿ ಕೆಲಸ ಉಂಟಾ ಕೇಳಿದೆ.’ ಅಳಲಿಲ್ವಾ ಅಂದರೆ, ‘ಅತ್ತೆ. ನೀರು ಹೊರುವಾಗ ಅತ್ತೆ’ ಅಂದಳು. ಆಮೇಲೆ ಅವಳು ಹೋದ ಊರುಗಳಲ್ಲೆಲ್ಲ ಇದೇ ಮೂರು ಕೆಲಸ ಇದೇ ಸಾಲಿನಲ್ಲಿ ನಡೆದದ್ದನ್ನು ನಾನು ನೋಡಿದ್ದೇನೆ. ನೀರು, ನೆರೆ, ಕೆಲಸ.

ಮಳೆಗಾಲದಲ್ಲಿ ನಾಟಿ, ಕಳೆ. ಸುಗ್ಗಿಯಲ್ಲಿ ತೋಟದವರ ಮನೆ ಅಂಗಳದಲ್ಲಿ ಮೆಟ್ಟುಗತ್ತಿ ಹಿಡಿದು ರಾತ್ರಿ ಎಷ್ಟೋ ಹೊತ್ತಿನವರೆಗೆ ಅಡಿಕೆ ಸುಲಿಯೋದು. ಮದುವೆ ಮನೆ ಇದ್ದರೆ ಗೋಡೆಗೆ ಹಸೆ ಚಿತ್ತಾರ ಬರೆಯೋಕೆ ಕರೆ ಬರ್ತಿತ್ತು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಗೆರೆ ಎಳೆಯುವಾಗ ಅಜ್ಜಿ ಉಸಿರು ಹಿಡಿದುಕೊಳ್ಳುತ್ತಿದ್ದಳು. ಆಗ ಯಾರೂ ಮಾತಾಡಿಸುವ ಹಾಗಿರಲಿಲ್ಲ.

ನಮ್ಮ ಕಡೆ ಆ ಕಾಲದ ಹೆಂಗಸರು ದೂರ ದೇಶ ನೋಡಿದ್ದು ಎರಡೇ ಕಾರಣಕ್ಕೆ, ತೀರ್ಥಯಾತ್ರೆಗೆ ಮತ್ತೆ ಬಾಣಂತನಕ್ಕೆ. ಅಜ್ಜಿ ತೀರ್ಥಯಾತ್ರೆಯನ್ನೂ ಬಿಟ್ಟಿಲ್ಲ. ಕಾಶಿ, ರಾಮೇಶ್ವರ, ತಿರುಪತಿ ಎಲ್ಲಾ ಆಗಿದೆ. ಆದರೆ ಅವಳನ್ನು ನಿಜವಾಗಿ ಊರೂರು ತಿರುಗಿಸಿದ್ದು ಬಾಣಂತನ.

ಮೊದಲನೆಯದು ಬೊಂಬಾಯಿ. ಚಿಕ್ಕಪ್ಪ ಅಲ್ಲಿ ಹೋಟೆಲಿನಲ್ಲಿದ್ದ. ಆಗೆಲ್ಲ ಮೀಟರ್‌ಗೇಜ್ ರೈಲು. ಸಾಗರದಲ್ಲಿ ಹತ್ತಿ, ಬೀರೂರಲ್ಲಿ ಒಮ್ಮೆ, ಮೀರಜಿನಲ್ಲಿ ಒಮ್ಮೆ ಬದಲಿಸಿ ಹೋಗಬೇಕಿತ್ತು. ಒಂದು ಚೀಲದಲ್ಲಿ ಒಣಶುಂಠಿ, ಕಾಳುಮೆಣಸು, ಬೆಳ್ಳುಳ್ಳಿ. ಇನ್ನೊಂದರಲ್ಲಿ ಹಲಸಿನ ಹಪ್ಪಳ. ಚಾಳಿನಲ್ಲಿ ಬೆಳಗಿನ ಜಾವ ನಲ್ಲಿಗೆ ಸಾಲು. ಮರಾಠಿ ಕಲಿತದ್ದು ಆ ಸಾಲಿನಲ್ಲೇ, ಜಗಳ ಮಾಡ್ತಾ ಮಾಡ್ತಾ. ಕೊನೆವರೆಗೂ ಅಜ್ಜಿಗೆ ಮರಾಠಿಯಲ್ಲಿ ಬೈಯೋಕೆ ಚೆನ್ನಾಗಿ ಬರ್ತಿತ್ತು, ಹೊಗಳೋಕೆ ಬರ್ತಿರಲಿಲ್ಲ.

ಅರವತ್ತು ದಾಟಿದ ಮೇಲೆ ಅಕ್ಷರ ಕಲಿತಳು. 1990ರ ದಶಕದ ಸಾಕ್ಷರತಾ ಆಂದೋಲನ ಇತ್ತಲ್ಲ, ನಮ್ಮೂರ ಶಾಲೆಯಲ್ಲಿ ರಾತ್ರಿ ಪಾಠ. ಜೊತೆಯ ಹೆಂಗಸರು ಬಹಳ ಮಂದಿ ಹೆಸರು ಬರೆಯೋಕೆ ಬಂದ ಮೇಲೆ ನಿಲ್ಲಿಸಿದರು. ಇವಳು ಬಸ್ಸಿನ ಬೋರ್ಡು ಓದೋಕೆ ಬರೋವರೆಗೆ ಬಿಡಲಿಲ್ಲ. ಅದು ಅವಳ ಲೆಕ್ಕ. ಬೋರ್ಡು ಓದೋಕೆ ಬಂದರೆ ಯಾರನ್ನೂ ಕಾಯಬೇಕಾಗಿಲ್ಲ.

ಹಾಗಾಗಿ ಮಸ್ಕತ್‌ನಿಂದ ಅತ್ತೆ ಕರೆ ಕಳಿಸಿದಾಗ ಪಾಸ್‌ಪೋರ್ಟ್ ಅರ್ಜಿಗೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದಳು. ಹುಟ್ಟಿದ ತಾರೀಕು ಅಪ್ಪ ಅಂದಾಜಿಗೆ ಬರೆಸಿದ್ದು. ಹುಟ್ಟಿದ ಊರಿನ ಜಾಗದಲ್ಲಿ ‘ಸಾಗರ’ ಅಂತ ಬರೆದರೆ ಸಾಕು ಅಂದರೂ ಕೇಳಲಿಲ್ಲ. ಮುಳುಗಿದ ಹಳ್ಳಿಯ ಹೆಸರನ್ನೇ ಬರೆಸಿದಳು.

ಮಸ್ಕತ್‌ನಲ್ಲಿ ಅವಳಿಗೆ ಅಂಗಡಿ, ಚಿನ್ನ ಯಾವುದೂ ತಲೆಗೆ ಹೋಗಲಿಲ್ಲ. ನಿಜ್ವಾ ಊರಿನ ಫಲಜ್ ನೋಡಿ ಬಂದು ವಾರಗಟ್ಟಲೆ ಅದೇ ಮಾತು. ಗುಡ್ಡದ ಬುಡದ ನೀರನ್ನು ಸಣ್ಣ ಕಾಲುವೆಯಲ್ಲಿ ಇಳಿಜಾರು ನೋಡಿ ಹರಿಸಿಕೊಂಡು ಬಂದು ಖರ್ಜೂರದ ತೋಟಕ್ಕೆ ಸರದಿ ಪ್ರಕಾರ ಹಂಚುತ್ತಾರೆ. ಪಂಪಿಲ್ಲ, ಕರೆಂಟಿಲ್ಲ. ಯುನೆಸ್ಕೊದವರು 2006ರಲ್ಲಿ ಅಂಥ ಐದು ಫಲಜ್‌ಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರು. ಅಜ್ಜಿ ಅದಕ್ಕೂ ಮುಂಚೆಯೇ ಪಾಸ್ ಮಾಡಿದ್ದಳು. ‘ನಮ್ಮ ದಂಬೆ ನೀರಿನ ಹಂಗೇ ಮಾರಾಯ, ಆದರೆ ಇವರು ಕಲ್ಲಲ್ಲಿ ಕಟ್ಟಿದಾರೆ’ ಅಂತ. ದಂಬೆ ಅಂದರೆ ಅಡಿಕೆ ಮರ ಸೀಳಿ ಮಾಡಿದ ನೀರಿನ ದೋಣಿ.

ಟೊರೊಂಟೊಗೆ ಬಂದದ್ದು ನನ್ನ ಮಗಳು ಹುಟ್ಟಿದಾಗ. ಅಜ್ಜಿಗೆ ಆಗಲೇ ಎಂಬತ್ತರ ಹತ್ತಿರ. ನಾವು ಹೆದರಿದ್ದೆವು. ಬಂದ ಎರಡನೇ ದಿನ ಅಡುಗೆಮನೆಯ ನಲ್ಲಿ ಬಿಟ್ಟುಕೊಂಡು ನಿಂತು ‘ಈ ನೀರು ಎಲ್ಲಿಂದ ಬರ್ತದೆ’ ಅಂತ ಕೇಳಿದಳು. ಒಂಟಾರಿಯೊ ಸರೋವರದಿಂದ ಅಂದೆ. ತೋರಿಸು ಅಂದಳು. ಹೋಗಿ ತೋರಿಸಿದೆ. ಆಚೆ ದಡ ಕಾಣದ್ದು ನೋಡಿ, ಇಲ್ಲಿ ಊರು ಮುಳುಗಿದೆಯಾ ಅಂತ ಕೇಳಿದಳು. ಇಲ್ಲ, ಇದು ಮೊದಲಿಂದಲೂ ಇರೋದು ಅಂದ ಮೇಲೆ ಸಮಾಧಾನ ಆಯ್ತು.

ಮುಂದಿನದು ಬಸ್ಸು. ಇಲ್ಲಿ ನಿಮ್ಮ ಅಮ್ಮನ ವಿಷಯಕ್ಕೆ ಗಮನ ಕೊಡಿ. ಮೊದಲ ವಾರದಲ್ಲೇ ಅಜ್ಜಿಗೆ ಮನೆ ಎದುರಿನ ಬಸ್ಸಿನ ನಂಬರು ಬಾಯಿಪಾಠ ಮಾಡಿಸಿದೆ. ನಾನು ಜೊತೆಗೆ ಹೋಗಿ ಇಳಿಯೋ ಜಾಗ ತೋರಿಸಿದೆ. ಆಮೇಲೆ ನಾನು ಹಿಂದಿನ ಸೀಟಿನಲ್ಲಿ, ಅವಳು ಮುಂದೆ. ಆಮೇಲೆ ಒಬ್ಬಳೇ. ಸೆರಗಿನೊಳಗೆ ಪಿನ್ನು ಹಾಕಿ ವಿಳಾಸ, ಫೋನ್ ನಂಬರ್ ಬರೆದ ಚೀಟಿ. ಈಗ ನಿಮಗೆ ಇನ್ನೂ ಸುಲಭ. ಟಿಟಿಸಿಯಲ್ಲಿ, ಅಂದರೆ ಇಲ್ಲಿನ ನಗರ ಸಾರಿಗೆಯಲ್ಲಿ, 2018ರಿಂದ ಪ್ರೆಸ್ಟೊ ಅನ್ನೋ ಟಿಕೆಟ್ ಕಾರ್ಡು ಒಮ್ಮೆ ತಟ್ಟಿದರೆ ಎರಡು ಗಂಟೆ ಎಷ್ಟು ಬಸ್ಸು ಬೇಕಾದರೂ ಹತ್ತಿ ಇಳಿಯಬಹುದು. ದಾರಿ ತಪ್ಪಿದರೂ ಅದೇ ದುಡ್ಡಲ್ಲಿ ವಾಪಸ್ ಬರಬಹುದು, ಅಲ್ವಾ.

ಅಜ್ಜಿ ಆ ಬಸ್ಸಿನಲ್ಲಿ ಹೋಗಿ ಕಂಡುಹಿಡಿದದ್ದು ಒಂದು ವಿಯೆಟ್ನಾಮಿ ಅಂಗಡಿ. ಅಲ್ಲಿ ಕೆಸುವಿನೆಲೆ ಇತ್ತು, ಕಳಲೆ ಇತ್ತು. ನಾವು ಅಷ್ಟು ವರ್ಷದಿಂದ ಅದೇ ರಸ್ತೆಯಲ್ಲಿ ಕಾರಲ್ಲಿ ಓಡಾಡ್ತಿದ್ದೆವು. ಸಂಜೆ ಮನೆಗೆ ಬಂದರೆ ಪತ್ರೊಡೆ. ಮರಗೆಸುವಿನ ರುಚಿ ಇಲ್ಲ ಅಂತ ಅವಳ ತಕರಾರು, ನಮಗೇನೂ ಕಮ್ಮಿ ಅನ್ನಿಸಲಿಲ್ಲ. ನೀವೂ ಮಾಡೋದಾದರೆ ಹುಣಸೆಹಣ್ಣು ಧಾರಾಳ ಹಾಕಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಮೆಕ್ಸಿಕೊದಿಂದ ಬರೋ ಹಲಸಿನ ಹಣ್ಣನ್ನು ಮಾತ್ರ ಅವಳು ಒಪ್ಪಲಿಲ್ಲ. ‘ಇದು ಹಲಸಲ್ಲ, ಹಲಸಿನ ಫೋಟೋ’ ಅಂದುಬಿಟ್ಟಳು.

ಪಕ್ಕದ ಮನೆಯಲ್ಲಿ ಒಬ್ಬ ಪೋರ್ಚುಗೀಸ್ ಅಜ್ಜಿ. ಇಬ್ಬರಿಗೂ ಇಂಗ್ಲಿಷ್ ಬಾರದು. ಬೇಲಿ ಮೇಲಿಂದ ಸೊಪ್ಪು ಆ ಕಡೆಯಿಂದ ಬರ್ತಿತ್ತು, ಹಪ್ಪಳ ಈ ಕಡೆಯಿಂದ ಹೋಗ್ತಿತ್ತು. ಅವರೇನು ಮಾತಾಡ್ತಿದ್ದರೋ ನಮಗೆ ಗೊತ್ತಾಗ್ತಿರಲಿಲ್ಲ, ಮಾತು ಮಾತ್ರ ಬಹಳ ನಡೀತಿತ್ತು.

ಒಂದು ಚಳಿಗಾಲ ಮಾತ್ರ ಇಲ್ಲಿ ಪೂರ್ತಿ ಇದ್ದಳು. ಡಿಸೆಂಬರಿನವರೆಗೆ ಸರಿ ಇತ್ತು. ಹೀಟರಿನ ಬಿಸಿಗಾಳಿ ಬರೋ ಕಿಂಡಿ ಮೇಲೆ ಸಂಡಿಗೆ ಒಣಗಿಸಿದಳು. ಕಂದು ಕಾಗದದ ಹಾಳೆ ಮೇಲೆ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದಳು. ಚರ್ಮ ಬಿರುಕು ಬಿಟ್ಟಾಗ ಊರಿಂದ ತಂದ ಮುರುಗಲು ತುಪ್ಪ ಹಚ್ಚಿಕೊಂಡಳು, ನಮಗೂ ಹಚ್ಚಿದಳು. ಇಲ್ಲಿ ಮಾರುವ ಯಾವ ಕ್ರೀಮಿಗಿಂತಲೂ ಅದು ವಾಸಿ, ನಿಮ್ಮ ಅಮ್ಮನಿಗೆ ತರೋಕೆ ಹೇಳಿ. ಫೆಬ್ರವರಿ ಹೊತ್ತಿಗೆ ಮಾತು ಕಮ್ಮಿಯಾಯ್ತು. ಬೂಟು ಹಾಕಿಕೊಂಡು ಜಾರೋ ಮಂಜಿನ ಮೇಲೆ ಬಸ್ಸಿಗೆ ಹೋಗೋದು ಆ ವಯಸ್ಸಿಗೆ ಆಗ್ತಿರಲಿಲ್ಲ. ಹೊರಗೆ ಹೋಗೋದು ನಿಂತಿತು, ಊಟವೂ ಇಳಿಯಿತು. ಏಪ್ರಿಲಿನಲ್ಲಿ ಊರಿಗೆ ಹೊರಡುವಾಗ ಅವಳೇ ತೀರ್ಮಾನ ಹೇಳಿದಳು. ‘ಇನ್ನು ಬಂದರೆ ನಾಟಿ ಹೊತ್ತಿಗೆ ಬರ್ತೇನೆ, ಭೂಮಿ ಹುಣ್ಣಿಮೆ ಮುಗಿಸಿ ಹೋಗ್ತೇನೆ.’ ಹಾಗೇ ನಡೆಸಿದಳು. ಭೂಮಿ ಹುಣ್ಣಿಮೆ ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲೇ ಬರುತ್ತದೆ, ಎರಡೂ ಅಕ್ಟೋಬರಿನ ಬೆಳೆ ಹಬ್ಬ. ಬೆಳಗಿನ ಜಾವ ಹಿತ್ತಲಿನ ಕುಂಬಳ ಬಳ್ಳಿ ಬುಡದಲ್ಲಿ ಭೂಮಿಗೆ ಬಡಿಸಿ ಬರೋಳು. ಪಾಪ, ಜಾಕೆಟ್ಟಿನ ಮೇಲೆ ಸೆರಗು ಹೊದ್ದುಕೊಂಡು.

ಬಂದವರನ್ನೆಲ್ಲ ನಯಾಗರಕ್ಕೆ ಕರೆದುಕೊಂಡು ಹೋಗೋದು ಇಲ್ಲಿನ ಸಂಪ್ರದಾಯ, ನೀವೂ ಹೋಗ್ತೀರಿ. ಅಜ್ಜಿ ಜೋಗದ ಹತ್ತಿರದವಳು. ಜೋಗ 253 ಮೀಟರ್ ಎತ್ತರದಿಂದ ಬೀಳುತ್ತದೆ. ನಯಾಗರದ ದೊಡ್ಡ ಜಲಪಾತ ಸುಮಾರು 57 ಮೀಟರ್. ‘ಅಗಲ ಉಂಟು, ಎತ್ತರ ಇಲ್ಲ’ ಅಂತ ಒಂದೇ ನೋಟಕ್ಕೆ ಹೇಳಿದಳು. ಆಮೇಲೆ ಕೇಳಿದ್ದು ಕರೆಂಟಿನ ಮನೆ ಎಲ್ಲಿ ಅಂತ. ನಾನು ಹೇಳಿದೆ. ಇಲ್ಲೂ ನೀರು ತಿರುಗಿಸಿ ಕರೆಂಟು ಮಾಡ್ತಾರೆ, ಆದರೆ ಅಮೆರಿಕ ಮತ್ತು ಕೆನಡಾ 1950ರಲ್ಲಿ ಒಂದು ಒಪ್ಪಂದ ಮಾಡಿಕೊಂಡಿವೆ. ಜನ ನೋಡೋಕೆ ಬರೋ ತಿಂಗಳುಗಳಲ್ಲಿ ಹಗಲು ಸೆಕೆಂಡಿಗೆ 1,00,000 ಘನ ಅಡಿಗಿಂತ ಕಮ್ಮಿ ನೀರು ಬಿಡೋ ಹಾಗಿಲ್ಲ. ರಾತ್ರಿ ಮತ್ತೆ ಚಳಿಗಾಲದಲ್ಲಿ ಅದರ ಅರ್ಧ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, ‘ನಮ್ಮ ಜೋಗಕ್ಕೂ ಹಿಂಗೊಂದು ಬರೆಸಿದ್ದರೆ ಬೇಸಿಗೇಲಿ ಬರೀ ಬಂಡೆ ನೋಡೋದು ತಪ್ತಿತ್ತು’ ಅಂದಳು. ನನಗೆ ಇದಕ್ಕಿಂತ ಸರಿಯಾದ ಮಾತು ಇಂಜಿನಿಯರುಗಳ ಬಾಯಲ್ಲೂ ಕೇಳಿಬಂದಿಲ್ಲ.

ಆದರೆ ಈ ದೇಶದಲ್ಲಿ ಅವಳ ಮನಸ್ಸಿಗೆ ಹತ್ತಿರವಾದ ಜಾಗ ನಯಾಗರ ಅಲ್ಲ. ಮಾಂಟ್ರಿಯಲ್‌ಗೆ ಹೋಗೋ ಹೆದ್ದಾರಿಯಲ್ಲಿ ಕಾರ್ನ್‌ವಾಲ್ ಅಂತ ಊರು ಬರುತ್ತದೆ. ಅದರ ಪಕ್ಕದಲ್ಲಿ, ಸೇಂಟ್ ಲಾರೆನ್ಸ್ ನದಿ ದಡದಲ್ಲಿ ಒಂದು ಸಣ್ಣ ಮ್ಯೂಸಿಯಂ ಇದೆ. ಮುಳುಗಿದ ಹಳ್ಳಿಗಳ ಮ್ಯೂಸಿಯಂ. ಹಡಗಿನ ದಾರಿಗೆ, ಕರೆಂಟಿಗೆ ಅಂತ ಅಲ್ಲಿ ನದಿಗೆ ಅಣೆಕಟ್ಟು ಕಟ್ಟಿದರು. 1958ರ ಜುಲೈ 1ರಂದು ನೀರು ಬಿಟ್ಟರು. ಹತ್ತು ಹಳ್ಳಿ ಹೋದವು, ಸುಮಾರು 6,500 ಜನ ಎದ್ದರು. ನಮ್ಮವರು ಲಾರಿ ಹತ್ತಿದ್ದು ಅದಾದ ಕೆಲವೇ ವರ್ಷಕ್ಕೆ.

ಮ್ಯೂಸಿಯಂ ಅಂದರೆ ದೊಡ್ಡದೇನಲ್ಲ. ಮುಳುಗೋ ಮುಂಚೆ ಎತ್ತಿ ತಂದಿಟ್ಟ ಕಟ್ಟಡಗಳು. ಒಂದು ಸಣ್ಣ ರೈಲ್ವೆ ಸ್ಟೇಷನ್, ಚರ್ಚು, ಕ್ಷೌರದಂಗಡಿ, ಒಂದು ಶಾಲೆ. ಗೋಡೆ ಮೇಲೆ ಕಪ್ಪುಬಿಳುಪು ಫೋಟೋ. ಒಂದರಲ್ಲಿ ಇಡೀ ಮನೆಯನ್ನು ದೊಡ್ಡ ಗಾಲಿಯ ಯಂತ್ರದ ಮೇಲೆ ಕೂರಿಸಿ ರಸ್ತೆಯಲ್ಲಿ ಕೊಂಡೊಯ್ಯುತ್ತಿದ್ದಾರೆ. ಹಾಗೆ 500ಕ್ಕೂ ಹೆಚ್ಚು ಮನೆಗಳನ್ನು ಸಾಗಿಸಿದರಂತೆ. ಅಜ್ಜಿ ಆ ಫೋಟೋ ಮುಂದಿಂದ ಕದಲಲೇ ಇಲ್ಲ. ‘ಮನೇನೇ ಹೊತ್ಕೊಂಡು ಹೋದ್ರಾ? ಒಳಗಿನ ಒಲೆ ಸಮೇತ?’ ಹೌದು ಅಂದೆ. ‘ನಮಗೆ ಹಂಚು ಇಳಿಸೋಕೂ ಸರಿಯಾಗಿ ಪುರುಸೊತ್ತು ಕೊಡಲಿಲ್ಲ’ ಅಂದಳು. ಸಿಟ್ಟಿರಲಿಲ್ಲ ಆ ಮಾತಲ್ಲಿ. ಪಕ್ಕದ ಮನೆಯವರಿಗೆ ಎಷ್ಟು ಕೂಲಿ ಸಿಕ್ಕಿತು ಅಂತ ವಿಚಾರಿಸೋ ಹಾಗಿತ್ತು.

ಅಲ್ಲಿ ಕಾವಲಿಗೆ ಇದ್ದ ಒಬ್ಬ ವಯಸ್ಸಾದ ಹೆಂಗಸಿನ ಹತ್ತಿರ ಪ್ರಶ್ನೆ ಶುರುವಾಯಿತು. ನಾನು ನಡುವೆ ನಿಂತು ಇಬ್ಬರ ಮಾತನ್ನೂ ಆಚೆ ಈಚೆ ದಾಟಿಸಬೇಕು. ಸತ್ತವರ ಗೋರಿ ಎಲ್ಲಿಗೆ ಹೋಯ್ತು? ದೇವಸ್ಥಾನ ಒಡೆದರಾ, ತಂದರಾ? ಹೊಸ ಊರಲ್ಲಿ ಹಳೆ ನೆರೆಯವರೇ ಪಕ್ಕದಲ್ಲಿ ಸಿಕ್ಕರಾ? ಆಕೆ ಎಲ್ಲದಕ್ಕೂ ಉತ್ತರ ಹೇಳಿದರು. ಇಂಗಲ್‌ಸೈಡ್, ಲಾಂಗ್ ಸೂ ಅಂತ ಎರಡು ಹೊಸ ಊರು ಕಟ್ಟಿಸಿ ಕೊಟ್ಟರು, ಮನೆಗೆ ನಲ್ಲಿ, ಕರೆಂಟು ಎಲ್ಲಾ ಬಂತು, ಆದರೆ ಹಳೇ ಬೀದಿಯ ಸಾಲು ಹಾಗೇ ಬರಲಿಲ್ಲ ಅಂತ. ಅಜ್ಜಿ ತನ್ನ ಪಾಸ್‌ಪೋರ್ಟ್ ತೆಗೆದು ಹುಟ್ಟಿದ ಊರಿನ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದಳು. ಆಕೆಗೆ ನಾನು ಬಿಡಿಸಿ ಹೇಳಬೇಕಾಗಿ ಬರಲಿಲ್ಲ. ಆಮೇಲೆ ಅಜ್ಜಿ ಕೆನಡಾಕ್ಕೆ ಬಂದಾಗಲೆಲ್ಲ ಅಲ್ಲಿಗೆ ಒಂದು ಸಲ ಹೋಗಲೇಬೇಕು. ನಾಲ್ಕೂವರೆ ಗಂಟೆ ದಾರಿ ಮಾರಾಯ್ರೆ, ಅದೂ ನಿಂಬೆಹುಳಿ ಚಿತ್ರಾನ್ನ ಕಟ್ಟಿಕೊಂಡು.

ತೊಂಬತ್ತರ ಮೇಲೂ ಅವಳಿಗೆ ತಿರುಗಾಟದ ಆಸೆ ಹೋಗಲಿಲ್ಲ. ಶಿವಮೊಗ್ಗದ ಸೋಗಾನೆಯಿಂದ 2023ರ ಆಗಸ್ಟ್ 31ಕ್ಕೆ ವಿಮಾನ ಶುರುವಾಯಿತಲ್ಲ, ಅದರಲ್ಲಿ ಹೋಗಲೇಬೇಕು ಅಂತ ಹಟ. ಬೆಂಗಳೂರಲ್ಲಿ ಕಣ್ಣು ತೋರಿಸೋ ನೆಪದಲ್ಲಿ ತಮ್ಮ ಕರೆದುಕೊಂಡು ಹೋದ. ಹತ್ತಿ ಕೂರೋದರೊಳಗೆ ಇಳಿಯೋಕೆ ಹೇಳ್ತಾರೆ ಅಂತ ಬೈದಳಂತೆ. ತುಮರಿಯಲ್ಲಿ ಅವಳ ತಂಗಿಯ ಮನೆ. ಅಲ್ಲಿಗೆ ಹೋಗೋಕೆ ಲಿಂಗನಮಕ್ಕಿಯ ಹಿನ್ನೀರು ದಾಟಬೇಕು, ಅದಕ್ಕೆ ಜೀವಮಾನವಿಡೀ ಹೊಳೆಬಾಗಿಲಿನ ಲಾಂಚಿಗೆ ಕಾದವಳು. ಆ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಅಷ್ಟರಲ್ಲಿ ಅವಳಿರಲಿಲ್ಲ. 2.44 ಕಿಲೋಮೀಟರ್ ಸೇತುವೆ, ನಡೆದೇ ದಾಟ್ತೇನೆ ಅಂತಿದ್ದಳೇನೋ.

ಹೋಗಿದ್ದು ಊರಲ್ಲೇ, ಸುಲಿಯೋ ಕಾಲದಲ್ಲಿ. ಅದರ ಮುಂಚಿನ ವಾರದವರೆಗೂ ಕೂತಲ್ಲೇ ಅಡಿಕೆ ಆರಿಸಿ ಕೊಡ್ತಿದ್ದಳಂತೆ. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊರದೇಶದ ಜೀವನ ಹೇಗೆ ಅಂತ ಕೇಳಿದಿರಲ್ಲ, ಇದೂ ಅದರಲ್ಲಿ ಸೇರಿದೆ. ಇದಕ್ಕೆ ಪರಿಹಾರ ಇಲ್ಲ. ಮಾಡಬಹುದಾದದ್ದು ಇಷ್ಟೆ. ಒಂದು ಟಿಕೆಟ್ಟಿನಷ್ಟು ದುಡ್ಡು ಬೇರೆ ಇಟ್ಟಿರಿ, ಅದನ್ನು ಮುಟ್ಟಬೇಡಿ. ಪಾಸ್‌ಪೋರ್ಟಿನ ಅವಧಿ ಮುಗಿಯೋಕೆ ಬಿಡಬೇಡಿ. ಮುಂದೆ ಇಲ್ಲಿನ ಪೌರತ್ವ ತಗೊಂಡರೆ ಭಾರತಕ್ಕೆ ವೀಸಾ ಇಲ್ಲದೆ ಹೋಗಿ ಬರೋಕೆ ಬೇಕಾದ ಓಸಿಐ ಕಾರ್ಡನ್ನು ಅದೇ ತಿಂಗಳು ಮಾಡಿಸಿ.

ಇನ್ನು ನಿಮ್ಮ ಅಮ್ಮನ ವೀಸಾ. ನಿಮಗೆ ಪಿಆರ್, ಅಂದರೆ ಇಲ್ಲಿ ಕಾಯಂ ಆಗಿ ಇರೋ ಅನುಮತಿ, ಇದ್ದರೆ ಅಪ್ಪ ಅಮ್ಮಂದಿರಿಗೆ ಕೊಡೋ ಸೂಪರ್ ವೀಸಾ ಕೇಳಬಹುದು. 2022ರಿಂದ ಒಂದು ಸಲ ಬಂದರೆ ಐದು ವರ್ಷದವರೆಗೆ ಇರಲು ಅವಕಾಶ ಇದೆ. ನಿಮ್ಮ ಆದಾಯ ಇಷ್ಟಿರಬೇಕು ಅಂತ ಮಿತಿ ಇದೆ. ಕಡಿಮೆ ಅಂದರೆ 1,00,000 ಡಾಲರಿನ ಆರೋಗ್ಯ ವಿಮೆ ಒಂದು ವರ್ಷಕ್ಕೆ ಇರಲೇಬೇಕು. ಒಂಟಾರಿಯೊದ ಸರ್ಕಾರಿ ಆರೋಗ್ಯ ಸೌಲಭ್ಯ ಅವರಿಗೆ ಸಿಗೋದಿಲ್ಲ, ಅದಕ್ಕೆ ವಿಮೆಯ ಸಣ್ಣ ಅಕ್ಷರ ಪೂರ್ತಿ ಓದಿ. ಬಿಪಿ, ಶುಗರ್ ಮೊದಲೇ ಇದ್ದರೆ ಯಾವುದಕ್ಕೆ ದುಡ್ಡು ಕೊಡ್ತಾರೆ, ಯಾವುದಕ್ಕಿಲ್ಲ ಅಂತ ಬರೆಸಿಕೊಂಡೇ ಕಟ್ಟಿ. ಆ ವೀಸಾದಲ್ಲಿ ಸಂಬಳದ ಕೆಲಸ ಮಾಡೋ ಹಾಗಿಲ್ಲ. ನಾನು ಮೇಲೆ ಹೇಳಿದ್ದು ಮನೆಯ ಕೆಲಸ, ಹಿತ್ತಲಿನ ಕೆಲಸ.

ಐದು ವರ್ಷ ಇರಬಹುದು ಅಂತ ಮೊದಲ ಸಲವೇ ಅಷ್ಟಕ್ಕೆ ಕರೆಸಬೇಡಿ. ಮೇ ತಿಂಗಳಲ್ಲಿ ಬರಲಿ, ಅಕ್ಟೋಬರಿನಲ್ಲಿ ಹೋಗಲಿ. ಮನೆ ನೋಡುವಾಗ ಬಸ್ ಸ್ಟಾಪು ಹತ್ತಿರ ಇರೋದನ್ನೇ ನೋಡಿ, ಒಂದು ರೂಮು ಕಮ್ಮಿಯಾದರೂ ಚಿಂತೆಯಿಲ್ಲ. ಅಡುಗೆಮನೆ ಅವರಿಗೆ ಬಿಟ್ಟುಕೊಡಿ. ‘ಅಮ್ಮಾ ನೀವು ರೆಸ್ಟ್ ತಗೊಳ್ಳಿ’ ಅನ್ನೋ ಮಾತು ಮಾತ್ರ ಬೇಡ.

ಒಂದು ವಿಷಯ ನೀವು ಬರೆದಿಲ್ಲ. ನಿಮ್ಮ ಅಮ್ಮ ಊರಲ್ಲಿ ದಿನವಿಡೀ ಎಂತ ಮಾಡ್ತಾರೆ? ತೋಟಕ್ಕೆ ಹೋಗ್ತಾರಾ, ಹೊಲಿಗೆಯಾ, ಭಜನೆ ಮನೆಗೆ ಹೋಗೋರಾ? ಅದನ್ನು ತಿಳಿಸಿ. ಹಿತ್ತಲು ಇರೋ ಮನೆ ಹುಡುಕಬೇಕಾ, ಜನ ಇರೋ ಜಾಗದಲ್ಲಿ ಹುಡುಕಬೇಕಾ ಅಂತ ಆಮೇಲೆ ಹೇಳ್ತೇನೆ.